ಲಾರ್ವಾ ಕಂಡಿತು ಸರಿ, ಸ್ಯಾಂಪಲ್ ಯಾವಾಗಿನದು?

ಗಂಗಾವತಿ, ಮೇ ತಿಂಗಳು. ಲ್ಯಾಬ್‌ಗೆ ಬಂದ ಸಂಡಾಸದ ಸ್ಯಾಂಪಲ್‌ನಲ್ಲಿ, ಮೈಕ್ರೋಸ್ಕೋಪಿನ ಹತ್ತರ ಲೆನ್ಸ್ ಕೆಳಗೆ, ಲಾರ್ವಾ (ಮರಿಹುಳು) ಹೊರಳಾಡುವುದನ್ನು ನೋಡಿದ ಜೂನಿಯರ್ ಹುಡುಗ ರಿಜಿಸ್ಟರ್‌ನಲ್ಲಿ 'ಸ್ಟ್ರಾಂಗಿಲಾಯ್ಡಿಸ್' ಎಂದು, ಅಂದರೆ ಕರುಳಿನ ಒಂದು ಜಾತಿಯ ಹುಳುವಿನ ಹೆಸರು, ಬರೆದೇಬಿಟ್ಟ. ರೋಗಿ ಸ್ಟೀರಾಯ್ಡ್ ಮೇಲಿದ್ದ ಅಜ್ಜ. ಸ್ಟೀರಾಯ್ಡ್ ತೊಗೊಳ್ಳುವವರಲ್ಲಿ ಈ ಹುಳು ಕರುಳು ದಾಟಿ ಮೈಯೆಲ್ಲ ಹರಡಿದರೆ ಜೀವಕ್ಕೇ ಕುತ್ತು. ವಾರ್ಡ್‌ನಿಂದ ಫೋನ್ ಮೇಲೆ ಫೋನ್. ಅಜ್ಜನ ಮಗನನ್ನು ಕೌಂಟರ್‌ಗೆ ಕರೆದು ಕೇಳಿದರೆ, "ನಿನ್ನೆ ಮುಂಜಾನಿದು ರೀ ಸರ್. ಬಸ್ ತಪ್ಪಿತು, ಮನ್ಯಾಗ ಇಟ್ಟಿದ್ವಿ" ಅಂದ.

ಹಳೆಯ ಸ್ಯಾಂಪಲ್ ಆದರೆ ಲಾರ್ವಾ ಕೊಕ್ಕೆ ಹುಳುವಿನದೂ ಇರಬಹುದು. ಕೊಕ್ಕೆ ಹುಳು ಹೊಸ ಸ್ಯಾಂಪಲ್‌ನಲ್ಲಿ ಮೊಟ್ಟೆಯಾಗಿಯೇ ಕಾಣುತ್ತದೆ: ತೆಳು ಸಿಪ್ಪೆ, ಹೆಚ್ಚುಕಡಿಮೆ 60 × 40 ಮೈಕ್ರಾನ್, ಒಳಗೆ ಬೆರಳೆಣಿಕೆಯ ಕೋಶಗಳು. ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಬಿಟ್ಟರೆ ಅದೇ ಮೊಟ್ಟೆ ಒಡೆದು ಲಾರ್ವಾ ಆಚೆ ಬರುತ್ತದೆ. ನಮ್ಮ ಕಡೆಯ ಬೇಸಿಗೆಗೆ ಇನ್‌ಕ್ಯುಬೇಟರ್ ಬೇರೆ ಬೇಕೆ? ಸ್ಟ್ರಾಂಗಿಲಾಯ್ಡಿಸ್ ಹಾಗಲ್ಲ. ಅದರ ಮೊಟ್ಟೆ ಕರುಳಿನಲ್ಲೇ ಒಡೆಯುವುದರಿಂದ ಆಗಷ್ಟೇ ಕೊಟ್ಟ ಸ್ಯಾಂಪಲ್‌ನಲ್ಲೂ ಲಾರ್ವಾ ಇರುತ್ತದೆ.

ಓಡಾಡುವ ಲಾರ್ವಾ ನೋಡಿ ಏನೂ ಹೇಳಲಾಗದು, ಅದನ್ನು ನಿಲ್ಲಿಸಬೇಕು. ಕವರ್‌ಸ್ಲಿಪ್ ಅಂಚಿಗೆ ಒಂದು ಹನಿ ಅಯೋಡಿನ್ ಬಿಟ್ಟು, ಇನ್ನೊಂದು ಅಂಚಿನಲ್ಲಿ ಫಿಲ್ಟರ್ ಪೇಪರ್ ಇಟ್ಟು ಎಳೆದುಕೊಳ್ಳಿ. ಆಮೇಲೆ ನಲವತ್ತರ ಲೆನ್ಸ್, ಬೆಳಕು ಕೂಡಿಸುವ ಕಂಡೆನ್ಸರ್ ಕೆಳಗಿಳಿಸಿ, ಬೆಳಕು ಕಡಿಮೆ ಮಾಡಿ. ಮೊದಲು ತಲೆ ಕಡೆ ಹೋಗಿ. ಬಾಯಿಯ ಕೊಳವೆ ಉದ್ದವಿದ್ದರೆ ಕೊಕ್ಕೆ ಹುಳು, ಗಿಡ್ಡವಿದ್ದರೆ ಸ್ಟ್ರಾಂಗಿಲಾಯ್ಡಿಸ್. ನಂತರ ಹೊಟ್ಟೆಯ ನಡುಭಾಗ: ಜೆನಿಟಲ್ ಪ್ರೈಮೋರ್ಡಿಯಂ (ಮುಂದೆ ಜನನಾಂಗವಾಗುವ ಕೋಶಗಳ ಗುಂಪು) ದೊಡ್ಡದಾಗಿ ಎದ್ದು ಕಂಡರೆ ಸ್ಟ್ರಾಂಗಿಲಾಯ್ಡಿಸ್, ಕೊಕ್ಕೆ ಹುಳುವಿನಲ್ಲಿ ಅದನ್ನು ಹುಡುಕಿದರೂ ಸಿಗುವುದು ಕಷ್ಟ. ಅಜ್ಜನ ಸ್ಲೈಡ್‌ನಲ್ಲಿ ಬಾಯಿ ಉದ್ದವಿತ್ತು. ಪಕ್ಕದ ಫೀಲ್ಡ್‌ನಲ್ಲೇ ಲಾರ್ವಾ ಸುತ್ತಿಕೊಂಡಿದ್ದ ಮೊಟ್ಟೆಯೊಂದು, ಖಾಲಿ ಸಿಪ್ಪೆ ಎರಡು.

ಅಷ್ಟಕ್ಕೇ ಫೈಲ್ ಮುಚ್ಚುವಂತಿಲ್ಲ. ಎರಡೂ ಹುಳುಗಳು ಬರಿಗಾಲಿನ ಚರ್ಮದ ಮೂಲಕವೇ ಒಳಹೋಗುತ್ತವೆ, ಒಬ್ಬರಲ್ಲೇ ಎರಡೂ ಇರಬಹುದು. ಕೊಕ್ಕೆ ಹುಳುವಿಗೆ ಅಲ್ಬೆಂಡಜೋಲ್ 400 ಮಿ.ಗ್ರಾಂ. ಒಂದು ಡೋಸ್ ಸಾಕಾಗುವುದುಂಟು. ಸ್ಟ್ರಾಂಗಿಲಾಯ್ಡಿಸ್‌ಗೆ ಮೊದಲ ಆಯ್ಕೆ ಐವರ್ಮೆಕ್ಟಿನ್. ಹಾಗಾಗಿ ಹೊಸ ಸ್ಯಾಂಪಲ್ ಕೇಳಲೇಬೇಕು. ಅದರಲ್ಲಿ ಲಾರ್ವಾ ಕಾಣದಿದ್ದರೂ ಸ್ಟ್ರಾಂಗಿಲಾಯ್ಡಿಸ್ ಇಲ್ಲವೇ ಇಲ್ಲ ಎನ್ನಲಾಗದು. ಲಾರ್ವಾ ಬೀಳುವುದೇ ಕಡಿಮೆ, ದಿನವೂ ಬೀಳುವುದಿಲ್ಲ. ಬೇರ್ಮನ್ (ಸ್ಯಾಂಪಲ್‌ನಿಂದ ಲಾರ್ವಾ ಬೆಚ್ಚಗಿನ ನೀರಿಗಿಳಿಯುವಂತೆ ಮಾಡುವ ವಿಧಾನ) ಅಥವಾ ಅಗಾರ್ ಪ್ಲೇಟ್ (ಲಾರ್ವಾ ಹರಿದಾಡಿದ ಗುರುತು ಕಾಣುವ ತಟ್ಟೆ) ಹಾಕಿದರೆ ಹಿಡಿಯುವ ಸಾಧ್ಯತೆ ಹೆಚ್ಚು.

ಹೊತ್ತಿನ ಲೆಕ್ಕ ಅಮೀಬಾಕ್ಕೆ ಇನ್ನೂ ಬಿಗಿ. ನೀರಾದ ಸಂಡಾಸವನ್ನು 30 ನಿಮಿಷದೊಳಗೆ, ಮೆತ್ತಗಿನದನ್ನು ಒಂದು ಗಂಟೆಯೊಳಗೆ ನೋಡಬೇಕು. ತಡವಾದರೆ ಟ್ರೋಫೊಜಾಯಿಟ್ (ಓಡಾಡುವ ಹಂತದ ಅಮೀಬಾ) ಸತ್ತು ಗುಂಡಗಾಗುತ್ತದೆ, ಅದನ್ನೂ ಮ್ಯಾಕ್ರೋಫೇಜ್ ಎಂಬ ನಮ್ಮದೇ ಮೈಯ ಕೋಶವನ್ನೂ ಬೇರೆ ಮಾಡುವುದರೊಳಗೆ ಸಾಕುಸಾಕಾಗುತ್ತದೆ. ಗಟ್ಟಿ ಸ್ಯಾಂಪಲ್ ಫ್ರಿಜ್‌ನಲ್ಲಿ ಮರುದಿನದವರೆಗೆ ತಡೆಯುತ್ತದೆ. ಫ್ರೀಜರ್ ಮಾತ್ರ ಬೇಡ. ವೆಟ್ ಮೌಂಟ್‌ಗೆ (ಸ್ಯಾಂಪಲ್ ಅನ್ನು ಹಸಿಯಾಗಿಯೇ ಸ್ಲೈಡ್ ಮೇಲೆ ನೋಡುವುದಕ್ಕೆ) 0.85% ಸಲೈನ್ ಅಂದರೆ ಉಪ್ಪುನೀರು, ಕಡ್ಡಿ ತುದಿಯಲ್ಲಿ ಸುಮಾರು 2 ಮಿ.ಗ್ರಾಂ. ಸ್ಯಾಂಪಲ್. ಸ್ಲೈಡ್ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಲು ಬರಬೇಕು, ಅಷ್ಟು ತೆಳು. ಸಲೈನ್ ಬದಲು ನಲ್ಲಿ ನೀರು ಹಾಕಿದರೆ ಟ್ರೋಫೊಜಾಯಿಟ್ ಒಡೆದುಹೋಗುತ್ತದೆ. ಮೊಟ್ಟೆ, ಲಾರ್ವಾಗಳನ್ನು ಒಂದೆಡೆ ಸೇರಿಸುವ ಫಾರ್ಮಾಲ್-ಈಥರ್ ವಿಧಾನವೆಲ್ಲ ಆಮೇಲಿನದು, ಅದರಲ್ಲಿ ಚಲನೆ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ರಿಕ್ವೆಸ್ಟ್ ಫಾರ್ಮ್‌ನಲ್ಲಿ ಸ್ಯಾಂಪಲ್ ಕೊಟ್ಟ ಸಮಯಕ್ಕೆ ಒಂದು ಕಾಲಂ ಇಲ್ಲ. ಬಿಲ್ ನಂಬರ್‌ಗೆ ಎರಡು ಕಡೆ ಜಾಗವಿದೆ! ಆಡಳಿತದವರು ಫಾರ್ಮ್ ಬದಲಿಸುವವರೆಗೆ ಕಾಯುವುದು ಬಿಟ್ಟು, ಡಬ್ಬಿಗೆ ಬಿಳಿ ಪ್ಲಾಸ್ಟರ್ ತುಂಡು ಹಚ್ಚಿ ಸಮಯ ಬರೆಸಿಕೊಳ್ಳುತ್ತಿದ್ದೇವೆ. ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ, ಮುಚ್ಚಳಗಳು ಅದಲುಬದಲಾಗುತ್ತವೆ. ಹಳೆಯ ಸ್ಯಾಂಪಲ್‌ನಲ್ಲಿ ಲಾರ್ವಾ ಕಂಡು ಗುರುತು ಖಚಿತವಾಗದಿದ್ದರೆ ರಿಪೋರ್ಟ್‌ನಲ್ಲಿ ಹುಳುವಿನ ಹೆಸರು ಹಾಕುವುದಿಲ್ಲ: "ಲಾರ್ವಾ ಇದೆ, ಸ್ಯಾಂಪಲ್ ಇಷ್ಟು ಗಂಟೆ ಹಳೆಯದು, ಹೊಸದು ಕಳಿಸಿ" ಎಂದು ಬರೆದು, ವಾರ್ಡ್‌ಗೆ ಫೋನ್ ಮಾಡಿಯೂ ಹೇಳುತ್ತೇವೆ.