ಬಗ್ಗಿದ ಬೆನ್ನಿನ ಮೇಲಿನ ಚಿವಾರ

17 ನವೆಂಬರ್ 2024, ಭಾನುವಾರ, ಶಿಕಾಗೊ

ಇವತ್ತು ಮತ್ತೆ ಇಲ್ಲಿನ ಕಲಾ ಮ್ಯೂಸಿಯಂ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದೆ. ಒಂದೇ ಒಂದು ಜೋಡಿ ನೋಡೋದಕ್ಕೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬಂಬಾರಾ ಜನ ಕೆತ್ತಿದ ಚಿವಾರ, ಅಂದರೆ ಕುಣಿಯುವಾಗ ತಲೆಗೆ ಏರಿಸುವ ಮರದ ಹುಲ್ಲೆ. ಒಂದು ಗಂಡು ಹುಲ್ಲೆ, ಒಂದು ಹೆಣ್ಣು. ಗಂಡಿನ ಜೂಲನ್ನು ಅಂಕುಡೊಂಕಾಗಿ, ಬೆಳಕು ಆಚೆ ಹಾಯುವ ಹಾಗೆ ಕೊರೆದಿದ್ದಾರೆ. ಹೆಣ್ಣಿನ ಬೆನ್ನ ಮೇಲೆ ಮರಿ ನಿಂತಿದೆ, ಥೇಟ್ ಅಮ್ಮನದೇ ಅಚ್ಚು. ನಾನು ಜಾಸ್ತಿ ಹೊತ್ತು ನಿಂತದ್ದು ಆ ಮರಿಯ ಮುಂದೆಯೇ.

ಮುಖವಾಡ ಅಂತಾರೆ, ಆದರೆ ಇದನ್ನು ಮುಖಕ್ಕೆ ಕಟ್ಟುವುದಿಲ್ಲ. ಬುಟ್ಟಿಯ ಹಾಗೆ ಹೆಣೆದ ಟೋಪಿಗೆ ಬಿಗಿದು ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಕುಣಿಯುವವನ ಮೈಯೆಲ್ಲ ನಾರಿನ ಉಡುಪು. ಎರಡು ಕೈಯಲ್ಲೂ ಕೋಲು ಊರಿ ಸೊಂಟ ಬಗ್ಗಿಸಿ ಕುಣಿಯುತ್ತಾನೆ. ಆಗ ಅವನು ಮನುಷ್ಯನಲ್ಲ, ನಾಲ್ಕು ಕಾಲಿನ ಪ್ರಾಣಿ. ಗಂಡು ಹೆಣ್ಣು ಯಾವಾಗಲೂ ಜೊತೆಯಲ್ಲೇ ಬರಬೇಕು. ಗಂಡು ಅಂದರೆ ಸೂರ್ಯ, ಹೆಣ್ಣು ಅಂದರೆ ಭೂಮಿ. ಹೆಂಗಸರು ಹಾಡುತ್ತಾರೆ, ಹೊಲ ಅಗೆಯುವವರಿಗೆ ಹುರುಪು ಬರುತ್ತದೆ.

ಇಲ್ಲಿ ಹೊಲವಿಲ್ಲ, ಹಾಡಿಲ್ಲ, ಕೆಳಗೆ ಬಗ್ಗಿದ ಬೆನ್ನೂ ಇಲ್ಲ. ಪ್ರತಿ ಸಲವೂ ಇದೇ ನನಗೆ ಸಂಕಟ.

‘ಚಿ’ ಅಂದರೆ ಬೇಸಾಯ, ‘ವಾರ’ ಅಂದರೆ ಕಾಡುಮೃಗ. ಅರ್ಧ ಮನುಷ್ಯ, ಅರ್ಧ ಪ್ರಾಣಿಯಾಗಿದ್ದ ಚಿವಾರನೇ ಜನರಿಗೆ ಉತ್ತು ಬಿತ್ತುವುದನ್ನು ಕಲಿಸಿದ್ದಂತೆ. ಬೆಳೆ ಚೆನ್ನಾಗಿ ಬಂದಮೇಲೆ ಜನ ಕಾಳನ್ನು ಪೋಲು ಮಾಡತೊಡಗಿದರು. ಮನಸ್ಸು ನೊಂದ ಚಿವಾರ ಮಣ್ಣಿನೊಳಗೆ ಹೂತುಹೋದ. ಅವನ ನೆನಪಿಗೆ ಈ ಕೆತ್ತನೆ. ಹುಲ್ಲೆಯ ಕೊಂಬಿನ ಜೊತೆ ಆರ್ಡ್‌ವಾರ್ಕ್‌ನ ಗಿಡ್ಡ ಮೈಯನ್ನೂ ಸೇರಿಸುತ್ತಾರೆ. ಅದು ಮಣ್ಣು ತೋಡಿ ಬದುಕುವ ಪ್ರಾಣಿ, ರೈತನ ಹಾಗೇ ಅಲ್ವಾ?

ಕೆತ್ತುವವರು ಕಮ್ಮಾರರು. ಅವರನ್ನು ‘ನುಮು’ ಅನ್ನುತ್ತಾರೆ. ಕುಲುಮೆಯಲ್ಲಿ ಗುದ್ದಲಿ ಬಡಿಯುವ ಕೈಯೇ ಬಾಚಿ ಹಿಡಿದು ಮರವನ್ನೂ ಕೆತ್ತುತ್ತದೆ. ಅವರ ಮನೆಯ ಹೆಂಗಸರು ಮಡಕೆ ಮಾಡುತ್ತಾರೆ. ಮರಕ್ಕೂ ಕಬ್ಬಿಣಕ್ಕೂ ‘ನ್ಯಾಮ’ ಎಂಬ ಶಕ್ತಿ ಇದೆ, ಅದನ್ನು ಪಳಗಿಸುವುದು ಹುಟ್ಟಾ ಕಮ್ಮಾರನಾದವನಿಗೇ ಗೊತ್ತು ಅನ್ನುವುದು ಅವರ ನಂಬಿಕೆ. ಹೊಲ ಅಗೆಯುವ ಗುದ್ದಲಿಯೂ ಹೊಲದಲ್ಲಿ ಕುಣಿಯುವ ಹುಲ್ಲೆಯೂ ಒಂದೇ ಮನೆಯಿಂದ ಬರುತ್ತವೆ. ಇದು ನನಗೆ ತುಂಬಾ ಇಷ್ಟ.

ಮಾಲಿಯ ಸೆಗು ಊರಿನ ಕಡೆಯ ಚಿವಾರ ಈ ಜೋಡಿಯ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತದೆ. ರಾಜಧಾನಿ ಬಮಾಕೊ ಸುತ್ತಿನದು ಅಡ್ಡಕ್ಕೆ ಚಾಚಿರುತ್ತದೆ.

ಹೊರಡುವ ಮುಂಚೆ ನೆಲದ ಮೇಲೆ ಕೂತು ಕೆಳಗಿನಿಂದ ನೋಡಿದೆ. ಕೊಂಬುಗಳು ಸಜ್ಜೆಯ ದಂಟಿನ ಹಾಗೆ ಮೇಲಕ್ಕೆ ಎದ್ದಿದ್ದವು.