ಹಾಲು ಚೆಲ್ಲಿದ ಕೈ

ನನಗೆ ಹದಿನಾಲ್ಕು ವರ್ಷ ಇದ್ದಾಗ ತುಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಕಾಣಿಸಿತು. ವರ್ಷ ತುಂಬುವಷ್ಟರಲ್ಲಿ ಎರಡೂ ಕೈಗಳ ಬೆರಳಿಗೆ ಬಂತು. ತೊನ್ನು. ನಾಗದೋಷ ಇರಬೇಕು ಅಂತ ಅಪ್ಪ ಕುಕ್ಕೆಗೆ ಕರೆದುಕೊಂಡು ಹೋಗಿ ಸರ್ಪಸಂಸ್ಕಾರ ಮಾಡಿಸಿದರು. ಮೀನು ತಿಂದು ಹಾಲು ಕುಡಿದೆಯಾ ಅಂತ ಅಜ್ಜಿ ತಿಂಗಳುಗಟ್ಟಲೆ ಕೇಳಿದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಸತ್ತು ಹೀಗಾಗುತ್ತೆ, ಇದು ಮುಟ್ಟಿದರೆ ಅಂಟಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಆದರೆ ಜನ ಇದಕ್ಕೆ ಬಿಳಿ ಕುಷ್ಠ ಅಂತಲೂ ಅನ್ನುತ್ತಾರೆ ಅಲ್ವಾ, ಆ ಹೆಸರು ಒಂದೇ ಸಾಕಾಯಿತು.

ಅಲ್ಲಿಂದ ನನ್ನ ಕೈ ಬೇರೆಯಾಯಿತು. ಹಬ್ಬದಲ್ಲಿ ನಾನು ಪಾತ್ರೆ ತೊಳೆಯಬಹುದು, ಬಡಿಸುವಂತಿಲ್ಲ. ತಮ್ಮನಿಗೆ ಹೆಣ್ಣು ಗೊತ್ತಾಗುವ ಮುಂಚೆ ಅವರ ಕಡೆಯವರು ಮನೆ ನೋಡಲು ಬಂದ ದಿನ, ಅಮ್ಮ ನನ್ನನ್ನು ಪಕ್ಕದ ಬೀದಿಯಲ್ಲಿ ಕೂರಿಸಿ ಬಂದರು. ಪಾಪ, ಅವರಿಗೂ ಬೇರೆ ದಾರಿ ಇರಲಿಲ್ಲ. ಕೆಲಸ ಸಿಕ್ಕಿತು, ಬಾಡಿಗೆ ಮನೆ ಮಾಡಿದೆ. ಕೆಲಸದ ಜಾಗದಲ್ಲಿ ಎಲ್ಲರ ಡಬ್ಬಿಯೂ ಮೇಜಿನ ಮೇಲೆ ತೆರೆದುಕೊಳ್ಳುತ್ತಿತ್ತು, ನನ್ನ ಪಲ್ಯ ಮಾತ್ರ ನಾನೇ ಖಾಲಿ ಮಾಡುತ್ತಿದ್ದೆ. ಅಮ್ಮ ಹೋದ ಮೇಲೆ ಹಬ್ಬಕ್ಕೆ ಕರೆಯುವವರೂ ಇಲ್ಲವಾದರು.

2022ರಲ್ಲಿ ದತ್ತು ಪಡೆಯಲು ಕಾರಾ ಅನ್ನುವ ಕೇಂದ್ರ ಸರ್ಕಾರದ ದತ್ತು ಸಂಸ್ಥೆಯ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದೆ. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ, ಒಂಟಿ ಹೆಂಗಸು ಯಾವ ಮಗುವನ್ನಾದರೂ ಪಡೆಯಬಹುದು. ಬೇಕಾದ ಕಾಗದಗಳಲ್ಲಿ ಎರಡನ್ನು ನಾನು ಯಾವತ್ತೂ ಮರೆಯಲ್ಲ. ಒಂದು ಡಾಕ್ಟರ ಪತ್ರ: ಅಂಟುರೋಗವಿಲ್ಲ, ಮಗು ಸಾಕಲು ಯೋಗ್ಯರು. ಮೂವತ್ತು ವರ್ಷ ನಾನು ಬಾಯಲ್ಲಿ ಹೇಳಿದರೆ ಯಾರೂ ನಂಬದ ಮಾತಿಗೆ ಸೀಲು ಬಿದ್ದಿತ್ತು. ಅದರ ಜೆರಾಕ್ಸ್ ಈಗಲೂ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಇನ್ನೊಂದು, ನನಗೇನಾದರೂ ಆದರೆ ಮಗುವನ್ನು ನೋಡಿಕೊಳ್ಳುತ್ತೇನೆ ಅಂತ ಸಂಬಂಧಿಕರೊಬ್ಬರು ಬರೆದುಕೊಡಬೇಕು. ತಮ್ಮನಿಗೆ ಫೋನ್ ಮಾಡಿದೆ. "ಇವಳನ್ನ ಒಂದು ಮಾತು ಕೇಳಿ ಹೇಳ್ತೀನಿ ಅಕ್ಕ" ಅಂದ. ಮತ್ತೆ ಫೋನ್ ಬರಲಿಲ್ಲ. ಕೊನೆಗೆ ಚಿಕ್ಕಮ್ಮನ ಮಗ, ಆಟೋ ಓಡಿಸುವವನು, ಸ್ಟ್ಯಾಂಡಿನಲ್ಲೇ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಓದಿಯೂ ನೋಡಲಿಲ್ಲ.

2024ರ ಜನವರಿಯಲ್ಲಿ ಪುಟ್ಟಿ ಬಂದಳು. ನಾಲ್ಕೂವರೆ ವರ್ಷ. ಮೊದಲು ಪೋಷಣೆಗೆ ಅಂತ ಕಳಿಸಿಕೊಡುತ್ತಾರೆ, ಆದೇಶ ಆಮೇಲೆ ಬರುತ್ತದೆ. ಹಿಂದೆ ಕೋರ್ಟಿಗೆ ಹೋಗಬೇಕಿತ್ತಂತೆ, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಆದರೆ ನಾನು ಹೇಳಬೇಕೆಂದಿರುವುದು ಆ ಮೊದಲ ರಾತ್ರಿಯನ್ನು.

ಅವಳು ಏನೂ ತಿನ್ನಲಿಲ್ಲ. ಇಡ್ಲಿ ಬೇಡ, ಬಿಸ್ಕತ್ತು ಬೇಡ. ಮೊಸರನ್ನ ಕಲಸಿ ತಟ್ಟೆಗೆ ಚಮಚ ಹಾಕಿ ಮುಂದಿಟ್ಟೆ. ನನ್ನ ಕೈಯಿಂದ ತಿನ್ನಿಸಬಹುದು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಅವಳು ತಟ್ಟೆ ಬಿಟ್ಟು ನನ್ನ ಬಲಗೈ ಹಿಡಿದು, ತಿರುಗಿಸಿ, ಬೆರಳುಗಳನ್ನೇ ನೋಡಿದಳು.

"ಹಾಲು ಚೆಲ್ಲಿದೆ" ಅಂದಳು.

ಫ್ರಾಕಿನ ತುದಿಯಿಂದ ಒರೆಸಿದಳು. ಹೋಗಲಿಲ್ಲ. ತನ್ನ ಬೆರಳಿಗೆ ಉಗುಳು ಹಚ್ಚಿಕೊಂಡು ಉಜ್ಜಿದಳು, ಗಟ್ಟಿಯಾಗಿ, ತುಟಿ ಕಚ್ಚಿಕೊಂಡು.

"ಅದು ಹೋಗಲ್ಲ ಪುಟ್ಟಿ. ನನ್ನ ಕೈ ಇರೋದೇ ಹಾಗೆ."

"ನೋವಾಗುತ್ತಾ?"

"ಇಲ್ಲ."

ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಬಾಯಿ ತೆರೆದಳು. ನನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ಮೊದಲ ತುತ್ತು ಅರ್ಧ ಅವಳ ಮಡಿಲಿಗೇ ಬಿತ್ತು.

ಹೋದ ವರ್ಷ ಗಣೇಶನ ಹಬ್ಬಕ್ಕೆ ತಮ್ಮ ಫೋನ್ ಮಾಡಿದ. "ಮಗೂನ ಕರ್ಕೊಂಡು ಬಾ ಅಕ್ಕ." ಹೋಗುವುದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಪುಟ್ಟಿಗೆ ಅಣ್ಣತಮ್ಮಂದಿರು ಅಂತ ಯಾರಾದರೂ ಬೇಕಲ್ಲ ಅಂತ ಹೊರಟೆ. ರಾತ್ರಿ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ಪುಟ್ಟಿ ಜೋರಾಗಿ "ಅಮ್ಮ, ತುತ್ತು" ಅಂತ ಶುರು ಮಾಡಿದಳು. ಒಳಗೆ ಹೋಗೋಣ ಬಾ ಅಂದರೂ ಕೇಳಲಿಲ್ಲ. ಅಲ್ಲೇ ಅನ್ನ ಸಾರು ಕಲಸಿ ಕೊಡತೊಡಗಿದೆ. ತಮ್ಮನ ಮಗ, ಐದು ವರ್ಷದವನು, ಓಡಿ ಬಂದು ಅವಳ ಪಕ್ಕ ಕಾಲು ಮಡಚಿ ಕೂತು ಬಾಯಿ ತೆರೆದ.

ತುತ್ತು ಹಿಡಿದ ಕೈ ಹಾಗೇ ನಿಂತಿತು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದೆ. ತಮ್ಮ ತಲೆ ಎತ್ತಲಿಲ್ಲ. ಹುಡುಗ ಮಾತ್ರ "ಅತ್ತೇ, ನಂಗೆ" ಅಂತ ಬಾಯಿ ತೆರೆದುಕೊಂಡೇ ಇದ್ದ.

ಅವಳು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ತುಪ್ಪದ ಬಟ್ಟಲು ಹಿಡಿದು ವಾಪಸ್ ಬಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಅವನಿಗೆ ಖಾರ ಆಗಲ್ಲ ಅತ್ತಿಗೆ. ಸ್ವಲ್ಪ ತುಪ್ಪ ಹಾಕಿ ಕಲಸಿ."

ಪಕ್ಕದ ಮನೆಯ ಎರಡು ಮಕ್ಕಳೂ ಬಂದು ಸಾಲಿಗೆ ಸೇರಿದವು. ಅನ್ನ ಸಾಲಲಿಲ್ಲ. ಎದ್ದು ಒಳಗೆ ಹೋಗಿ, ನಾನೇ ಪಾತ್ರೆಯಿಂದ ಬಡಿಸಿಕೊಂಡು, ಮತ್ತೆ ಕಲಸಿ ತಂದೆ.