ಲೆಕ್ಕ ಸರಿಯಾಗಿತ್ತು

ಮಂಗಳವಾರ, 11 ನವೆಂಬರ್ 2025

ಸಂಜೆಯಿಂದ ಒಂದೇ ಲೆಕ್ಕ ತಲೆಯಲ್ಲಿ ತಿರುಗುತ್ತಿದೆ. ನಮ್ಮ ಸೆಂಟರ್‌ಗೆ ಬರುವ ಒಬ್ಬ ಅವ್ವನಿಗೆ 90 ಎಚ್‌ಐವಿ ಗುಳಿಗೆ ಕೊಟ್ಟಿದ್ದೆ, ದಿನಕ್ಕೊಂದು. 84 ದಿನ ಆಗಿತ್ತು. 6 ಉಳಿಯಬೇಕು. ಉಳಿದದ್ದೂ 6.

ಹೋದ ತಿಂಗಳು ಆ ಡಬ್ಬಿಯನ್ನು ಟೇಬಲ್ ಮೇಲೆ ಸುರಿದು ಎಣಿಸಿದಾಗ ಎಷ್ಟು ಖುಷಿಯಾಗಿತ್ತು ನನಗೆ. ಅವರ ಚಿಕಿತ್ಸೆಯ ಹಸಿರು ಪುಸ್ತಕದಲ್ಲಿ ನೂರಕ್ಕೆ ನೂರು ಅಂತ ಬರೆದು, ಅವರ ಭುಜ ತಟ್ಟಿ ಕಳಿಸಿದ್ದೆ. ಅವತ್ತೇ ವೈರಲ್ ಲೋಡ್‌ಗೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವುದಕ್ಕೆ, ರಕ್ತ ಹೋಗಿತ್ತು. ರಿಪೋರ್ಟ್ ಬಂತು. ಹದಿನೆಂಟು ಸಾವಿರದ ಚಿಲ್ಲರೆ. ಹೋದ ವರ್ಷ ಇದೇ ಅವ್ವನಿಗೆ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂತ ಬಂದಿತ್ತು. ಮಷೀನಿಗೂ ಸಿಗದಷ್ಟು ಕಡಿಮೆ.

ಔಷಧಿಗೆ ವೈರಸ್ ಬಗ್ಗುತ್ತಿಲ್ಲವೇನೋ ಅಂತ ಡಾಕ್ಟರ್‌ಗೆ ಅನುಮಾನ. ನನಗೂ ಅದೇ. ಗುಳಿಗೆ ಎಣಿಸಿದ್ದು ನಾನೇ ಅಲ್ವಾ.

ಇವತ್ತು ಅವ್ವ ಬಂದರು. (ಹೆಸರು ಬರೆಯುವುದಿಲ್ಲ, ಊರನ್ನೂ ಬದಲಿಸಿದ್ದೇನೆ. ಬರೆಯಲಾ ಅಂತ ಕೇಳಿದೆ, "ನಮ್ಮಂಥಾಕಿದೊಂದ ಬರೀರಿ, ನಂದ ಬ್ಯಾಡ" ಅಂದರು.) ಬಾಗಿಲು ಹಾಕಿ ಕೂರಿಸಿದೆ. ರಿಪೋರ್ಟ್ ತೋರಿಸಿದೆ. ಓದಲು ಬರುವುದಿಲ್ಲ ಅವರಿಗೆ, ಆದರೆ ನನ್ನ ಮುಖ ಓದಿದರು. ತುಂಬಾ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ ನೆಲ ನೋಡುತ್ತಾ ಹೇಳಿದರು:

"ಮೂವತ್ತೆಂಟು ಗುಳಿಗಿ ತಿಪ್ಯಾಗ ಹೂತೇನ್ರಿ ಅಕ್ಕಾರ."

ನನಗೆ ಮೊದಲು ಅರ್ಥವೇ ಆಗಲಿಲ್ಲ.

ಮಗಳ ಎರಡನೇ ಬಾಣಂತನ. ಮಗಳು ಇಚಲಕರಂಜಿಯಲ್ಲೇ ಹೆತ್ತಳು, ಇವರೇ ಅಲ್ಲಿಗೆ ಹೋಗಿದ್ದರು. ಅಳಿಯ ಮಗ್ಗದ ಕೆಲಸ. ಒಂದು ಕೋಣೆಯ ಮನೆ, ಅದರಲ್ಲಿ ಆರು ಜನ. ಬೀಗರಿಗೆ ಇವರ ವಿಷಯ ಗೊತ್ತಿಲ್ಲ. 41 ದಿನ ಇದ್ದರು. ಡಬ್ಬಿಯನ್ನು ಸೀರೆ ಗಂಟಿನ ಒಳಗೆ ಇಟ್ಟುಕೊಂಡು ಹೋಗಿದ್ದರು, ಲೇಬಲ್ ಕಿತ್ತು, ಸದ್ದಾಗದಂತೆ ಒಳಗೆ ಹತ್ತಿ ತುರುಕಿ. ಮೊದಲ ಮೂರು ದಿನ ನಸುಕಿನಲ್ಲಿ ಎದ್ದು ನುಂಗಿದರು. ನಾಲ್ಕನೇ ದಿನ ಬೀಗಿತ್ತಿ ನೋಡಿಬಿಟ್ಟರು. "ಏನ್ ಗುಳಿಗಿ ಅದು?" ಶಕ್ತಿ ಗುಳಿಗೆ ಅಂದರು ಇವರು. "ಹಂಗಾರ ಬಾಣಂತಿಗೂ ಒಂದ ಕೊಡ್ರಿ."

ಅಲ್ಲಿಗೆ ಮುಗಿಯಿತು. ಮತ್ತೆ ಆ ಗಂಟು ಬಿಚ್ಚಲೇ ಇಲ್ಲ.

ಊರಿಗೆ ಬಂದ ಎರಡನೇ ದಿನವೇ ನಮ್ಮ ಸೆಂಟರ್‌ಗೆ ಬರಬೇಕಿತ್ತು. ಡಬ್ಬಿಯಲ್ಲಿ ಗುಳಿಗೆ ರಾಶಿ ಉಳಿದಿದೆ. ಎಷ್ಟು ಉಳಿದಿರಬೇಕಿತ್ತು ಅಂತ ಗೊತ್ತಿಲ್ಲ. ಕಿರಾಣಿ ಅಂಗಡಿ ಹುಡುಗನನ್ನು ಕೇಳಿದರಂತೆ, ಹಾಲಿನ ಲೆಕ್ಕ ಅನ್ನುವ ಹಾಗೆ: "ತೊಂಬತ್ತರಾಗ ಎಂಬತ್ನಾಕ್ ಕಳದ್ರ ಎಷ್ಟಪ್ಪಾ?" ಆರು, ಅಂದ. ಆರು ಇಟ್ಟುಕೊಂಡು ಉಳಿದದ್ದನ್ನು ಎಣಿಸಿ ಹೂತರು.

"ಯಾಕವ್ವಾ, ನನಗೆ ಹೇಳಬಹುದಿತ್ತಲ್ಲ?"

"ಹ್ವಾದ ಸಲ ಐದ ಹೆಚ್ಚಿಗಿ ಉಳದಿದ್ದಕ್ಕ ಬೈದ್ರೆಲ್ರಿ."

ಬೈದಿದ್ದೆ. ನೆನಪಿದೆ. ತುಂಬಾ ಜನ ಇದ್ದ ದಿನ ಅದು, ಬಾಗಿಲು ತೆರೆದೇ ಇತ್ತು. "ಬದುಕೋ ಆಸೆ ಇಲ್ವಾ ನಿಮಗೆ?" ಅಂದಿದ್ದೆ, ಜೋರಾಗಿ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದ್ದರು. ಅವತ್ತು ಆ ಬೆಂಚಿನಲ್ಲಿ ಕೂತಿದ್ದ ಎಷ್ಟು ಜನ ತಮ್ಮ ತಮ್ಮ ಲೆಕ್ಕ ಸರಿ ಮಾಡಿಕೊಂಡು ಬಂದಿದ್ದಾರೋ. ಆ ಹಸಿರು ಪುಸ್ತಕಗಳಲ್ಲಿ ನಾನು ಬರೆದ ನೂರಕ್ಕೆ ನೂರುಗಳಲ್ಲಿ ಎಷ್ಟು ನಿಜವೋ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ.

ನಮಗೆ ಕಲಿಸಿದ್ದು 95. ನೂರರಲ್ಲಿ 95 ಗುಳಿಗೆಯಾದರೂ ಹೊಟ್ಟೆಗೆ ಹೋಗಬೇಕು. ತಿಂಗಳಲ್ಲಿ ಒಂದು ತಪ್ಪಿದರೆ ಸರಿ, ಎರಡು ತಪ್ಪಿದರೆ 93, ಆಗಲೇ ಕೆಂಪು ಗೆರೆ. ಆ 95 ಬಂದದ್ದು 2000ದ ಸುಮಾರಿನ ಅಧ್ಯಯನದಿಂದ, ಆಗಿನ ಔಷಧಿಗಳ ಮೇಲೆ ಮಾಡಿದ್ದು. ಈಗಿನ ಗುಳಿಗೆ ಅದಕ್ಕಿಂತ ಗಟ್ಟಿ, ಒಂದೆರಡು ದಿನ ತಪ್ಪಿದರೆ ಅಷ್ಟು ಬೇಗ ಸೋಲುವುದಿಲ್ಲ. ಹಾಗಂತ ಯಾರಿಗೂ ಹೇಳುವ ಧೈರ್ಯ ನನಗಿಲ್ಲ. 38 ದಿನ ತಪ್ಪಿದರೆ ಯಾವ ಗುಳಿಗೆ ತಾನೇ ಏನು ಮಾಡೀತು.

2004ರ ಏಪ್ರಿಲ್ 1ಕ್ಕೆ ನಮ್ಮ ದೇಶದಲ್ಲಿ ಸರ್ಕಾರ ಈ ಔಷಧಿ ಉಚಿತವಾಗಿ ಕೊಡಲು ಶುರು ಮಾಡಿತು. ಆಗ ದಿನಕ್ಕೆ ಎರಡು ಹೊತ್ತು. ಸ್ಟಾವುಡಿನ್ ಇತ್ತು, ವರ್ಷಗಟ್ಟಲೆ ತಗೊಂಡವರ ಕೆನ್ನೆ ಒಳಗೆ ಹೋಗುತ್ತಿತ್ತು, ಕಾಲು ಉರಿಯುತ್ತಿತ್ತು. ಮುಖ ನೋಡಿಯೇ ಊರವರು ಗುರುತಿಸುತ್ತಿದ್ದರು ಅಂತ ಹಳಬರು ಈಗಲೂ ಹೇಳುತ್ತಾರೆ. ಆಮೇಲೆ ಎಫಾವಿರೆನ್ಸ್, ರಾತ್ರಿ ನುಂಗಿದರೆ ತಲೆ ಸುತ್ತು, ವಿಚಿತ್ರ ಕನಸು. ಈಗ ಟಿಎಲ್‌ಡಿ. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಒಂದೇ ಗುಳಿಗೆಯಲ್ಲಿ, ದಿನಕ್ಕೊಂದು. ಬೆಳಗ್ಗೆಯೋ ರಾತ್ರಿಯೋ, ನಿಮಗೆ ಅನುಕೂಲವಾದ ಹೊತ್ತು. ಇದಕ್ಕಿಂತ ಸುಲಭ ಇನ್ನೇನು ಬೇಕು ಅಂತ ನಾನೇ ಎಷ್ಟು ಜನರಿಗೆ ಹೇಳಿದ್ದೇನೆ!

ಇಷ್ಟು ವರ್ಷ "ಯಾಕೆ ಮರೆತಿರಿ?" ಅಂತಲೇ ಕೇಳುತ್ತಾ ಬಂದೆ. ಮರೆಯುವುದು ಎಲ್ಲಿ ಬಂತು. ಆ 38 ದಿನ ಅವ್ವನಿಗೆ ಒಂದು ಗಳಿಗೆಯೂ ಆ ಗಂಟು ಮರೆತಿಲ್ಲ. ಮಗು ಎತ್ತಿಕೊಂಡಾಗ, ಬಾಣಂತಿಗೆ ನೀರು ಹಾಕುವಾಗ, ಬೀಗಿತ್ತಿ ಗಂಟಿನ ಹತ್ತಿರ ಹೋದಾಗ. ನಾನು ಕೇಳಬೇಕಿದ್ದದ್ದು ಬೇರೆ. ಎಲ್ಲಿ ನುಂಗ್ತೀರಿ? ಯಾರ ಎದುರು? ನೀರು ಯಾರು ಕೊಡ್ತಾರೆ?

ನಮ್ಮ ಲಾರಿ ಡ್ರೈವರ್ ಒಬ್ಬರಿದ್ದಾರೆ, ಮೊಬೈಲ್ ಅಲಾರಂಗೆ 'ಆಯಿಲ್ ಚೆಕ್' ಅಂತ ಹೆಸರಿಟ್ಟಿದ್ದಾರೆ. ಕ್ಲೀನರ್‌ಗೂ ಗೊತ್ತಿಲ್ಲ. ಹಾಸ್ಟೆಲ್ ಹುಡುಗ ಸ್ನಾನದ ಕೋಣೆಯಲ್ಲಿ ನಲ್ಲಿ ನೀರಲ್ಲಿ ನುಂಗುತ್ತಾನೆ. ಕಬ್ಬು ಕಡಿಯಲು ಹೋಗುವವರು ಈ ತಿಂಗಳು ಹೊರಟಿದ್ದಾರೆ. ಗುಡಿಸಲಿಗೆ ಬಾಗಿಲೇ ಇರುವುದಿಲ್ಲ, ಅವರು ಎಲ್ಲಿಡಬೇಕು?

ಮನೆಗೆ ಬಂದರೆ ಅಮ್ಮನ ಬಿಪಿ ಗುಳಿಗೆ ಟಿವಿ ಪಕ್ಕದಲ್ಲೇ ಬಿದ್ದಿತ್ತು. ಶನಿವಾರದ್ದೂ ಇದೆ, ನಿನ್ನೆಯದ್ದೂ ಇದೆ. "ಅಯ್ಯೋ ಮರೆತೆ ಕಣೆ" ಅಂದು ನಕ್ಕಳು. ನಾನೂ ನಕ್ಕೆ. ಬಂದವರೆಲ್ಲ ನೋಡುವ ಜಾಗದಲ್ಲಿ ಆ ಗುಳಿಗೆ ಇರುತ್ತದೆ. ಯಾರೂ ಎಣಿಸುವುದಿಲ್ಲ. ಯಾರೂ ಬೈಯುವುದಿಲ್ಲ. ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ.

ಅವ್ವ ಕೇಳಿದ್ದು ಒಂದೇ ಪ್ರಶ್ನೆ. ತಮ್ಮ ಬಗ್ಗೆ ಅಲ್ಲ. "ಕೂಸಿಗೆ ದಿನಾ ನಾನ ಎಣ್ಣಿ ಹಚ್ಚಿ ಎರೀತಿದ್ನಿ. ಮೈಯಾಗ ಅಷ್ಟ ವೈರಸ್ ಇದ್ದಾಗ. ಕೂಸಿಗೆ ಏನೂ ಆಗಂಗಿಲ್ಲಲ್ರಿ?" ಹದಿನಾಲ್ಕು ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ಎತ್ತಿಕೊಂಡರೆ, ಎರೆದರೆ, ಮುತ್ತು ಕೊಟ್ಟರೆ ಬರುವುದಿಲ್ಲ ಅಂತ ನೂರು ಸಲ ಕೇಳಿದ್ದಾರೆ, ಬೇರೆಯವರಿಗೂ ಹೇಳಿದ್ದಾರೆ. ಆದರೂ ಆ 18,000 ಅನ್ನುವ ಅಂಕಿ ಕೇಳಿದ ಮೇಲೆ ಕೈ ನಡುಗುತ್ತಿತ್ತು. ಆ ಕೈ ಹಿಡಿದುಕೊಂಡು ಏನೂ ಆಗಲ್ಲ ಅಂದೆ. ಮೂರು ಸಲ ಹೇಳಿಸಿಕೊಂಡರು.

ಮಗಳಿಗಾದರೂ ಹೇಳಿ ಅಂತ ಒತ್ತಾಯ ಮಾಡಲು ಬಾಯಿ ಬಂತು, ತಡೆದೆ. ಅವರ ವಿಷಯ ಯಾರಿಗೆ ಹೇಳಬೇಕು ಅನ್ನುವುದು ಅವರ ಹಕ್ಕು. 2017ರ ಎಚ್‌ಐವಿ ಕಾಯ್ದೆ ಹೇಳುವುದೂ ಅದನ್ನೇ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕಾಯ್ದೆ ಇಲ್ಲದಿದ್ದರೂ, ಮಗಳ ಸಂಸಾರ ಅದು. ನಾನು ಯಾರು.

ಈಗ ಮೂರು ತಿಂಗಳು ಸರಿಯಾಗಿ ನುಂಗಬೇಕು, ಆಮೇಲೆ ಮತ್ತೆ ರಕ್ತ ಪರೀಕ್ಷೆ. ಊರಲ್ಲಿ ಇದ್ದರೆ ತೊಂದರೆಯಿಲ್ಲ. ಆದರೆ ಡಿಸೆಂಬರ್‌ನಲ್ಲಿ ಮತ್ತೆ ಹೋಗಬೇಕು, ಹತ್ತು ದಿನ. ಎಲ್ಲಿಡೋಣ ಅಂತ ಇಬ್ಬರೂ ಕೂತು ಯೋಚಿಸಿದೆವು. ಸೀರೆ ಗಂಟು ಬೇಡ. ಕಡೆಗೆ ಅವ್ವನೇ ಸೊಂಟದ ಚಂಚಿ ತೆಗೆದು ತೋರಿಸಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ. "ಇದರಾಗ ಯಾರೂ ಕೈ ಹಾಕಂಗಿಲ್ರಿ. ಊಟ ಆದಮ್ಯಾಲೆ ಎಲಿ ಹಾಕ್ಕೊಳೋವಾಗ ಬಾಯಿಗಿ ಒಗಕೊಂಡ್ರ ಯಾರಿಗೆ ಗೊತ್ತಾಗ್ತದ?" ಮುಖದಲ್ಲಿ ಇವತ್ತು ಮೊದಲ ಸಲ ನಗು ಬಂತು. ನಾನೂ ಖುಷಿಯಿಂದ ಆಯ್ತು ಅಂದುಬಿಟ್ಟೆ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಸುಣ್ಣ ಅಂದರೆ ಕ್ಯಾಲ್ಸಿಯಂ. ಡೊಲುಟೆಗ್ರಾವಿರ್ ಇರುವ ಗುಳಿಗೆಯನ್ನು ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ನಂತರ ತಗೊಳ್ಳಿ ಅಂತ ನಾವೇ ಹೇಳುತ್ತೇವೆ. ಎಲೆಗೆ ಹಚ್ಚುವ ಅಷ್ಟು ಸುಣ್ಣಕ್ಕೂ ಅದು ಅನ್ವಯಿಸುತ್ತದಾ? ಒದ್ದೆ ಎಲೆಯ ಪಕ್ಕ ಹತ್ತು ದಿನ ಇಟ್ಟರೆ ಗುಳಿಗೆ ಮೆತ್ತಗಾಗುವುದಿಲ್ವಾ? ನಾಳೆ ಬೆಳಗ್ಗೆ ಮೊದಲು ಫಾರ್ಮಸಿಸ್ಟ್ ಹತ್ತಿರ ಕೇಳಬೇಕು. ಚಂಚಿಯಲ್ಲೇ ಇನ್ನೊಂದು ಚಿಕ್ಕ ಡಬ್ಬಿ, ಬಿಗಿ ಮುಚ್ಚಳದ್ದು, ಸುಣ್ಣದ ಡಬ್ಬಿಯ ಹಾಗೇ ಕಾಣುವಂಥದ್ದು ಸಿಕ್ಕರೆ, ಎಲೆ ಹಾಕುವುದಕ್ಕೆ ಮೊದಲು ನುಂಗಬಹುದು. ಎಷ್ಟು ಹೊತ್ತು ಮೊದಲು ಅಂತ ಅದನ್ನೂ ಕೇಳಬೇಕು.